ಮೂರು ಮೂಲೆಗೆ ಅರಿಶಿನ

ಕೇದಾರ ಘಾಟ್, ವಾರಾಣಸಿ
೨೧-೧೧-೧೯೭೭, ಸೋಮವಾರ

ಚಿರಂಜೀವಿ ವಸುಮತಿಗೆ,

ನಿನ್ನ ಅತ್ತೆಯ ಆಶೀರ್ವಾದ. ನಾನು ಇಲ್ಲಿ ಚೆನ್ನಾಗಿದ್ದೇನೆ. ನೀನು ಅಲ್ಲಿ ಚೆನ್ನಾಗಿಲ್ಲ ಎಂದು ನಿನ್ನ ಕಾಗದವೇ ಹೇಳುತ್ತಿರುವಾಗ ಉಳಿದ ಕುಶಲ ವಿಚಾರಿಸುವ ಶಾಸ್ತ್ರವನ್ನು ಬಿಟ್ಟು ನೇರವಾಗಿ ಬೈಯುವುದಕ್ಕೇ ಕೂತಿದ್ದೇನೆ.

ಕಾಗದ ಶನಿವಾರ ಬಂತು. ನಾಲ್ಕು ಪುಟದಲ್ಲಿ ಮೂರೂಮುಕ್ಕಾಲು ಪುಟ ಪುಣೆಯ ಹವೆ, ಹಾಸ್ಟೆಲಿನ ಊಟ, ನಿಮ್ಮ ಆಫೀಸಿನ ಕಂಪ್ಯೂಟರಿಗೆ ತಂಪು ಬೇಕೆಂದು ನೀವೆಲ್ಲ ಸ್ವೆಟರು ಹಾಕಿಕೊಂಡು ನಡುಗುವ ಕಥೆ. ಕಟ್ಟಕಡೆಯ ನಾಲ್ಕು ಸಾಲಿನಲ್ಲಿ, ಡಿಸೆಂಬರ್ ಒಂದನೇ ತಾರೀಖು ಕೆಲಸಕ್ಕೆ ರಾಜೀನಾಮೆ ಕೊಟ್ಟು ಕಾಶಿಗೆ ವಾಪಸು ಬರುತ್ತೇನೆ, ನೀವು ಒಬ್ಬರೇ ಇರುವುದು ನೆನಪಾದರೆ ತುತ್ತು ಇಳಿಯುವುದಿಲ್ಲ ಎಂದು ಬರೆದಿದ್ದೀಯ. ಓದಿ ಮೊದಲು ಸಿಟ್ಟು ಬಂತು. ಆಮೇಲೆ ಅಳು ಬಂತು. ಅದಾದ ಮೇಲೆ ಮತ್ತೆ ಸಿಟ್ಟು ಬಂತು. ಈಗ ಬರೆಯುತ್ತಿರುವುದು ಆ ಎರಡನೇ ಸಿಟ್ಟಿನಲ್ಲಿ.

ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ. ನಾನು ಅಲ್ಲಿಗೆ ಬರುವಂತಿಲ್ಲ. ಜುಲೈಯಲ್ಲಿ ನಿನಗೆ ಪುಣೆಯ ಕೆಲಸದ ಆರ್ಡರ್ ಬಂದಾಗ, ಅತ್ತೆ ಬಂದರೆ ಮಾತ್ರ ಹೋಗುತ್ತೇನೆ ಎಂದು ಹಟ ಹಿಡಿದು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಆಗಲೇ ಹೇಳಿದ್ದೇನೆ: ಕೇದಾರೇಶ್ವರನ ಮುಂದೆ ಅಂಗೈಯಲ್ಲಿ ನೀರು ಹಿಡಿದು, ಪ್ರಾಣ ಇರುವವರೆಗೆ ಕಾಶಿಯ ಗಡಿ ದಾಟುವುದಿಲ್ಲ ಎಂದು ಸಂಕಲ್ಪ ಮಾಡಿದವಳು ನಾನು. ಅದನ್ನು ಕೇಳಿದ ಮೇಲೇ ನೀನು ಬಾಯಿ ಮುಚ್ಚಿಕೊಂಡು ಟ್ರಂಕು ತುಂಬಿದ್ದು. ದೇವರ ಮುಂದೆ ಆಡಿದ ಮಾತು ನಾಲ್ಕು ತಿಂಗಳಿಗೆ ಬದಲಾಗುತ್ತದೆಯೇ? ನೀನು ಅಲ್ಲಿ, ನಾನು ಇಲ್ಲಿ, ಇದರಲ್ಲಿ ಚರ್ಚೆ ಇಲ್ಲ.

ಈ ಕೆಲಸವನ್ನು ಬಿಟ್ಟುಬಿಡುತ್ತೇನೆ ಎಂದು ಎಷ್ಟು ಸಲೀಸಾಗಿ ಬರೆದೆಯಲ್ಲ, ಅದು ಹೇಗೆ ಸಿಕ್ಕಿತು ಎಂಬುದು ನಿನಗೆ ಪೂರ್ತಿ ಗೊತ್ತಿಲ್ಲ. ಗೊತ್ತಾಗಬಾರದು ಎಂದುಕೊಂಡಿದ್ದೆ. ಈಗ ಹೇಳುತ್ತೇನೆ. ನನ್ನ ಮೇಲೆ ಸ್ವಲ್ಪ ಸಿಟ್ಟು ಬಂದರೂ ಪರವಾಗಿಲ್ಲ.

ರಘು ಹೋದ ಮೇಲೆ, ಮೂವತ್ತೊಂದು ವರ್ಷದ ಮಗನನ್ನು ಆ ಕಾಮಾಲೆ ಎರಡೇ ವಾರದಲ್ಲಿ ಮುಗಿಸಿದ ಮೇಲೆ, ವಿಶ್ವವಿದ್ಯಾಲಯದವರು ಅವನಿಗೆ ಕೊಟ್ಟಿದ್ದ ಕ್ವಾರ್ಟರ್ಸ್ ಖಾಲಿ ಮಾಡಿ ನಾವಿಬ್ಬರೂ ಈ ಎರಡು ಕೋಣೆಗೆ ಬಂದೆವು. ಶಿವಮೊಗ್ಗದಿಂದ ನಿನ್ನ ಅಣ್ಣ ಬಂದು, ತಂಗಿಯನ್ನು ಕರೆದುಕೊಂಡು ಹೋಗುತ್ತೇನೆ, ಮನೆಯಲ್ಲಿ ಮೂರು ಮಕ್ಕಳಿವೆ, ಅವಳಿಗೂ ಹೊತ್ತು ಹೋಗುತ್ತದೆ ಎಂದ. ಹೊತ್ತು ಹೋಗುವುದಕ್ಕೆ ಎಂ.ಎಸ್ಸಿ. ಓದಬೇಕಿರಲಿಲ್ಲ ಎಂದು ನಾನು ಹೇಳಿದ್ದು ಅವನಿಗೆ ಇವತ್ತಿಗೂ ಜೀರ್ಣವಾಗಿಲ್ಲ. ನೀನು ಹೋಗಲಿಲ್ಲ. ನನಗೋಸ್ಕರ ಉಳಿದೆ ಎಂದು ನನಗೆ ಗೊತ್ತಿತ್ತು, ನಾನೂ ಸುಮ್ಮನಿದ್ದೆ. ಆ ಹೊತ್ತಿನಲ್ಲಿ ನೀನಿಲ್ಲದೆ ನನಗೆ ಉಸಿರು ಆಡುತ್ತಿರಲಿಲ್ಲ ವಸು.

ಆಮೇಲೆ ನೀನು ವಿಶ್ವವಿದ್ಯಾಲಯದ ಕಂಪ್ಯೂಟರ್ ಸೆಂಟರಿನ ಸಂಜೆ ತರಗತಿಗೆ ಸೇರಿದೆ. ಮನೆ ತುಂಬ ಆ ಉದ್ದನೆಯ ರಟ್ಟಿನ ಕಾರ್ಡುಗಳು. ಒಂದೊಂದು ಕಾರ್ಡಿಗೂ ಒಂದೊಂದು ಸಾಲು, ಅಕ್ಷರದ ಬದಲು ತೂತು, ಕಟ್ಟನ್ನು ಯಂತ್ರದ ಬಾಯಿಗೆ ಇಟ್ಟರೆ ಓದಿಕೊಂಡು ಲೆಕ್ಕ ಮಾಡುತ್ತದೆ ಎಂದು ನನಗೂ ಪಾಠ ಮಾಡಿದ್ದೆ. ಕಲಿತದ್ದೇನೋ ಆಯಿತು, ಕೆಲಸ? ಭಾನುವಾರದ ಪೇಪರಿನಲ್ಲಿ ಬರುವ ಜಾಹೀರಾತುಗಳನ್ನು ಕತ್ತರಿಸಿ ಕತ್ತರಿಸಿ ನನ್ನ ಕತ್ತರಿ ಮೊಂಡಾಯಿತು. ಪ್ರತಿಯೊಂದರಲ್ಲೂ ಮೂರು ವರ್ಷದ ಅನುಭವ ಬೇಕು. ಕೆಲಸ ಕೊಡದೆ ಅನುಭವ ಎಲ್ಲಿಂದ ತರುವುದು ಎಂದು ನೀನು ಪೇಪರಿನೊಡನೆ ಜಗಳವಾಡುತ್ತಿದ್ದೆ. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಸಾಲಿನಲ್ಲಿ ನಾವಿಬ್ಬರೂ ಬೆಳಿಗ್ಗೆಯಿಂದ ನಿಂತು ಕಿಟಕಿ ತಲುಪಿದರೆ, ಪ್ರೋಗ್ರಾಮರ್ ಎಂಬ ಕಸುಬು ತನ್ನ ಪಟ್ಟಿಯಲ್ಲೇ ಇಲ್ಲ ಎಂದು ಆ ಗುಮಾಸ್ತ ತಲೆ ಕೆರೆದುಕೊಂಡು, ಕಾರ್ಡಿಗೆ ತೂತು ಹಾಕುವ ಯಂತ್ರಕ್ಕೂ ಕೀಲಿಗಳಿವೆ ತಾನೇ ಎಂದು ವಿಚಾರಿಸಿ, ನಿನ್ನನ್ನು ಟೈಪಿಸ್ಟ್ ಎಂದು ಬರೆದುಕೊಂಡ. ರಿಕ್ಷಾದಲ್ಲಿ ಮನೆಗೆ ಬರುತ್ತ ನೀನು ನಗುತ್ತಿದ್ದೆ. ಗೊದೌಲಿಯಾ ದಾಟುವಷ್ಟರಲ್ಲಿ ನಗು ನಿಂತಿತ್ತು.

ಕೊನೆಗೆ ಅನುಭವವನ್ನು ನಾವೇ ಹುಟ್ಟಿಸಿಕೊಳ್ಳೋಣ ಎಂದು ನೀನು ಸಂಶೋಧನೆ ಮಾಡುವ ಹುಡುಗರ ಲೆಕ್ಕಗಳನ್ನು ಸುಮ್ಮನೆ ಮಾಡಿಕೊಡಲು ಶುರು ಮಾಡಿದೆ. ರಘುವಿನ ಸ್ನೇಹಿತ ಡಾಕ್ಟರ್ ಚಿದಾನಂದನ ಆನೆಕಾಲು ರೋಗಿಗಳ ಲೆಕ್ಕ ಮೊದಲನೆಯದು. ಆಮೇಲೆ ಧಾರವಾಡದ ಶಾಮನ ಗೋಧಿ ಬೆಳೆಯ ಲೆಕ್ಕ. ಅವರ ಹಿಂದೆ ಇನ್ನೂ ಮೂರು ಜನ. ನೀನು ಅವರಿಗೆ ಲೆಕ್ಕ ಮಾಡಿಕೊಟ್ಟೆ, ನಾನು ಭಾನುವಾರ ಭಾನುವಾರ ಸಾರು ಅನ್ನ ಬಡಿಸಿದೆ.

ಈಗ ಹೋದ ವರ್ಷದ ನವರಾತ್ರಿಗೆ ಬರುತ್ತೇನೆ.

ಇಲ್ಲಿಯ ಸೆಂಟರಿನಲ್ಲೇ ಒಂದು ಜಾಗ ಖಾಲಿಯಾಗಿ ಮೂವರನ್ನು ಕರೆದಿದ್ದರು. ಒಂದು ಲೆಕ್ಕ ಕೊಟ್ಟು, ಮನೆಯಲ್ಲಿ ಪ್ರೋಗ್ರಾಮ್ ಬರೆದು, ಕಾರ್ಡು ತೂತು ಹಾಕಿಸಿಕೊಂಡು ಬಂದು ಅವರ ಎದುರೇ ಯಂತ್ರದಲ್ಲಿ ಓಡಿಸಿ ತೋರಿಸಬೇಕು ಎಂದಿದ್ದರು. ತೊಂಬತ್ತಾರು ಕಾರ್ಡು. ಪರೀಕ್ಷೆಯ ಹಿಂದಿನ ದಿನ ಮೂಲಾ ನಕ್ಷತ್ರ, ನಮ್ಮ ಮನೆಯಲ್ಲಿ ಸರಸ್ವತಿಯನ್ನು ಕೂರಿಸಿ ಪುಸ್ತಕಗಳನ್ನು ಪೂಜೆಗಿಡುವ ದಿನ. ನೀನು ಇಸ್ತ್ರಿಗೆ ಕೊಟ್ಟ ಸೀರೆ ತರಲು ಭೇಲೂಪುರಕ್ಕೆ ಹೋಗಿದ್ದೆ. ನಾನು ರಘುವಿನ ಪುಸ್ತಕಗಳನ್ನು ಇಟ್ಟೆ, ಪಂಚಾಂಗ ಇಟ್ಟೆ. ಆಮೇಲೆ ನಿನ್ನ ಚೀಲ ಕಣ್ಣಿಗೆ ಬಿತ್ತು. ವಿದ್ಯೆ ಎಂದರೆ ಈಗ ಈ ಮನೆಯಲ್ಲಿ ಇದೇ ಅಲ್ಲವೇ ಎಂದುಕೊಂಡು ಕಾರ್ಡಿನ ಕಟ್ಟನ್ನೂ ತೆಗೆದು ದೇವಿಯ ಮುಂದೆ ಇಟ್ಟೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. ನಾನು ಜೀವಮಾನದಲ್ಲಿ ಎಷ್ಟೋ ಮದುವೆಯ ಲಗ್ನಪತ್ರಿಕೆಗಳಿಗೆ ಅರಿಶಿನ ಹಚ್ಚಿದವಳು. ಶುಭಕಾರ್ಯಕ್ಕೆ ಹೊರಟ ಕಾರ್ಡನ್ನು ಬೋಳು ಮೂಲೆಯಲ್ಲಿ ಕಳಿಸುವುದಕ್ಕೆ ಮನಸ್ಸು ಒಪ್ಪಲಿಲ್ಲ. ಅರಿಶಿನ ಕಲಸಿಕೊಂಡು, ರಬ್ಬರ್ ಬ್ಯಾಂಡ್ ಬಿಚ್ಚಿ, ಒಂದೊಂದಕ್ಕೂ ಹಚ್ಚಿದೆ. ಎಲ್ಲ ಕಾರ್ಡಿಗೂ ಒಂದು ಮೂಲೆ ಕತ್ತರಿಸಿತ್ತು, ಅದಕ್ಕೆ ಮೂರು ಮೂಲೆಗೆ ಮಾತ್ರ. ಅನುಕ್ರಮ ತಪ್ಪಬಾರದು ಎಂದು ನೀನು ಹೇಳಿದ್ದು ನೆನಪಿತ್ತು, ಅದನ್ನು ಮಾತ್ರ ತಪ್ಪಿಸಲಿಲ್ಲ. ದೇವಿಗೆ ಮಂಗಳಾರತಿ ಮಾಡಿ, ಕಟ್ಟು ಕಟ್ಟಿ, ನಿನ್ನ ಚೀಲದಲ್ಲಿ ಮೊದಲಿದ್ದ ಹಾಗೆಯೇ ಇಟ್ಟೆ. ನಿನಗೆ ಹೇಳಲಿಲ್ಲ. ಗೆದ್ದು ಬಂದ ಮೇಲೆ ಹೇಳಿ ಸಂತೋಷಪಡಿಸೋಣ ಎಂದಿದ್ದೆ.

ಮರುದಿನ ನೀನು ಮಧ್ಯಾಹ್ನವೇ ಬಂದೆ. ಯಂತ್ರದ ಮೂಡು ಸರಿ ಇರಲಿಲ್ಲ ಅತ್ತೆ, ಕೆಲಸ ಬೇರೆಯವರಿಗೆ ಹೋಯಿತು, ಎಂದಷ್ಟೇ ಹೇಳಿ ಕೈಕಾಲು ತೊಳೆದು ನನಗೆ ತರಕಾರಿ ಹೆಚ್ಚಿಕೊಟ್ಟೆ. ನಾನು ಆ ಯಂತ್ರಕ್ಕೆ ಹಿಡಿಶಾಪ ಹಾಕಿದೆ. ಬೇಡ ಅತ್ತೆ, ಪಾಪ ಅದರದ್ದೇನೂ ತಪ್ಪಿಲ್ಲ ಎಂದೆ ನೀನು.

ದೀಪಾವಳಿಯ ನಂತರ ಒಂದು ದಿನ ಚಿದಾನಂದ ಏನೋ ತಮಾಷೆ ಹೇಳಲು ಹೋಗಿ ಬಾಯಿ ಬಿಟ್ಟ. ಯಾರೋ ಕಾರ್ಡುಗಳಿಗೆ ಅರಿಶಿನ ಮೆತ್ತಿಕೊಂಡು ಬಂದು, ಒದ್ದೆಗೆ ಮೂಲೆಗಳು ಉಬ್ಬಿ ಒಂದಕ್ಕೊಂದು ಅಂಟಿಕೊಂಡು, ಯಂತ್ರ ಇಪ್ಪತ್ತು ಕಾರ್ಡು ನುಂಗಿ ಎರಡನ್ನು ಹರಿದು ಗಂಟಲು ಕಟ್ಟಿ ನಿಂತುಬಿಟ್ಟಿತಂತೆ, ಬಿಚ್ಚಿ ಒರೆಸುವುದಕ್ಕೆ ಮಧ್ಯಾಹ್ನವಾಯಿತಂತೆ, ಇಡೀ ಸೆಂಟರ್ ಹಳದಿಯಾಗಿತ್ತಂತೆ ಎಂದು ನಕ್ಕ. ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ. ಅವನಿಗೆ ಆಗ ಅರ್ಥವಾಯಿತು.

ನಾನು ಆ ಸಂಜೆ ಹರಿಶ್ಚಂದ್ರ ಘಾಟಿನ ಮೆಟ್ಟಿಲ ಮೇಲೆ ಹೋಗಿ ಕೂತೆ. ರಘುವನ್ನು ಸುಟ್ಟ ಜಾಗದ ಎದುರು. ನಿನ್ನ ಹೆಂಡತಿಗೆ ಕೈಗೆ ಬಂದ ತುತ್ತನ್ನು ನಾನೇ ತಪ್ಪಿಸಿದೆ ಕಣೋ ಎಂದು ಹೇಳಿಕೊಂಡೆ. ನಿನ್ನ ಹತ್ತಿರ ಮಾತ್ರ ಹೇಳಲಾಗಲಿಲ್ಲ. ನೀನು ನನಗೆ ನೋವಾಗದಿರಲಿ ಎಂದು ಮುಚ್ಚಿಟ್ಟೆ, ನೀನು ಮುಚ್ಚಿಟ್ಟದ್ದು ನನಗೆ ಗೊತ್ತು ಎಂಬುದನ್ನು ನಾನು ಮುಚ್ಚಿಟ್ಟೆ. ನೀನು ಹೊರಡುವವರೆಗೆ ಎಂಟೊಂಬತ್ತು ತಿಂಗಳು ಒಂದೇ ಒಲೆಯ ಮುಂದೆ ಕೂತು ಇಬ್ಬರೂ ಚೆನ್ನಾಗಿ ನಾಟಕವಾಡಿದೆವು. ಈಗ ಕೇಳುತ್ತೇನೆ, ತಪ್ಪಾಯಿತು ಮಗು, ಕ್ಷಮಿಸು.

ಆದರೆ ಅಳುತ್ತ ಕೂರುವ ಜಾತಿಯವಳಲ್ಲ ನಾನು. ಕೆಡಿಸಿದ್ದನ್ನು ನಾನೇ ಸರಿಪಡಿಸಬೇಕಲ್ಲ. ಮುಂದಿನ ಭಾನುವಾರ ಶಾಮ ಊಟಕ್ಕೆ ಬಂದವನು, ಥೀಸಿಸ್ ಟೈಪಾಗಿದೆ ಎಂದು ಹಲ್ಲು ಬಿಟ್ಟುಕೊಂಡು ತಂದು ತೋರಿಸಿದ. ನೀನು ಪಕ್ಕದ ಕೋಣೆಯ ಒಂಟಿ ಮುದುಕಿ ನಂಜಮ್ಮನಿಗೆ ಜ್ವರವೆಂದು ಅಲ್ಲಿ ಗಂಜಿ ಕುಡಿಸುತ್ತಿದ್ದೆ. ಮೊದಲ ಪುಟದಲ್ಲಿ ಏನಿದೆ ಎಂದೆ. ಕೃತಜ್ಞತೆ, ಉಪಕಾರ ಮಾಡಿದವರ ಹೆಸರು ಎಂದ. ಓದು ಎಂದೆ. ಗೈಡು, ಗೈಡಿನ ಹೆಂಡತಿ, ತಂದೆ ತಾಯಿ, ಹಾಸ್ಟೆಲಿನ ಗೆಳೆಯರು, ಕಡೆಗೆ ಟೈಪ್ ಮಾಡಿದವನ ಹೆಸರೂ ಬಂತು. ಅಷ್ಟೂ ಕೋಷ್ಟಕಗಳ ಲೆಕ್ಕ ಮಾಡಿದ್ದು ಯಾರಪ್ಪಾ ಎಂದೆ. ಕಂಪ್ಯೂಟರ್ ಅಂದ. ಹಾಗಾದರೆ ಸಾರನ್ನೂ ಅದೇ ಬಡಿಸಲಿ ಎಂದು ಸೌಟನ್ನು ಪಾತ್ರೆಗೆ ವಾಪಸು ಹಾಕಿದೆ.

ಹುಡುಗ ಒಳ್ಳೆಯವನು, ಕಿವಿಯವರೆಗೆ ಕೆಂಪಾದ. ತಪ್ಪಾತ್ರೀ ಅಜ್ಜಿ, ತಲಿಗೇ ಹೊಳೀಲಿಲ್ಲ, ವಸುಮತಿ ವೈನಿ ಹೆಸರು ಬರಸ್ತೀನಿ ಅಂದ. ಹೆಸರು ಸಾಲದು, ಎಂ.ಎಸ್ಸಿ. ಎಂದೂ ಇರಬೇಕು, ವಿಳಾಸವೂ ಇರಬೇಕು ಎಂದೆ. ಥೀಸಿಸಿನಲ್ಲಿ ಯಾರೂ ವಿಳಾಸ ಹಾಕಂಗಿಲ್ರೀ ಎಂದು ಗೋಳಾಡಿದ. ವಿಳಾಸವಿಲ್ಲದೆ ಹೆಸರು ಬರೆದರೆ ಕೆಲಸ ಕೊಡುವವನು ಅವಳನ್ನು ಗಂಗೆಯಲ್ಲಿ ಹುಡುಕಬೇಕೇ ಎಂದೆ. ಗೈಡಿನ ಹತ್ತಿರ ಬೈಸಿಕೊಂಡು ಕೊನೆಗೆ ಕೇದಾರ ಘಾಟ್, ವಾರಾಣಸಿ ಎಂಬಷ್ಟನ್ನು ಸೇರಿಸಿ ಆ ಪುಟವನ್ನು ಹೊಸದಾಗಿ ಟೈಪ್ ಮಾಡಿಸಿದ. ಉಳಿದ ನಾಲ್ಕು ಜನರ ಥೀಸಿಸಿಗೂ ಅದೇ ಕಾನೂನು. ನಿನ್ನ ಹೆಸರು ಹಾಕದವನ ಎಲೆಗೆ ನನ್ನ ಮನೆಯಲ್ಲಿ ಎರಡನೇ ಸಲ ಅನ್ನ ಬೀಳುತ್ತಿರಲಿಲ್ಲ. ನಿನಗೆ ಇದನ್ನು ಹೇಳಕೂಡದು ಎಂದು ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದೆ.

ಏಪ್ರಿಲ್‌ನಲ್ಲಿ ಶಾಮನ ಪರೀಕ್ಷೆಗೆ ಪುಣೆಯಿಂದ ಬಂದ ಪ್ರೊಫೆಸರು ಕೋಷ್ಟಕಗಳನ್ನು ನೋಡಿ, ಒಂದು ತಪ್ಪೂ ಇಲ್ಲವಲ್ಲ, ಯಾರು ಮಾಡಿದ್ದು ಎಂದು ಮೊದಲ ಪುಟಕ್ಕೆ ತಿರುವಿ ಹೆಸರು ಕಂಡು, ತಮ್ಮ ಸಂಸ್ಥೆಗೆ ಪ್ರೋಗ್ರಾಮರ್ ಬೇಕಾಗಿದ್ದಾರೆ ಎಂದು ನೇರವಾಗಿ ನಿನಗೇ ಬರೆದರು. ಮೇ ತಿಂಗಳ ಆ ಕಾಗದ ಅಷ್ಟೇ ವಿಳಾಸದಲ್ಲಿ, ಮನೆ ನಂಬರೂ ಇಲ್ಲದೆ ಬಂತು. ಅಂಚೆಯವನು ಮೂರು ಗಲ್ಲಿ ಸುತ್ತಿ, ಮದ್ರಾಸಿ ಮಾತಾಜಿಯ ಬಹೂ, ನನ್ನ ಸೊಸೆಯೇ, ಇರಬೇಕು ಎಂದು ಊಹಿಸಿ ತಂದುಕೊಟ್ಟ. ಇವರಿಗೆ ನನ್ನ ಹೆಸರು ಹೇಗೆ ತಿಳಿಯಿತು ಅತ್ತೆ ಎಂದು ನೀನು ಬೆರಗಾಗಿ ಕೇಳಿದಾಗ ನಾನು ಹಾಲು ಉಕ್ಕುತ್ತದೆ ಎಂದು ಒಳಗೆ ಓಡಿಹೋದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಇದನ್ನೆಲ್ಲ ಕೇಳಿ, ಅತ್ತೆ ಬೇಡಿ ತಂದ ಕೆಲಸವೇ ಇದು ಎಂದು ಕುಗ್ಗಬೇಡ. ಹೆಸರು ಬರೆಸಿದ್ದು ನಾನಿರಬಹುದು. ತಪ್ಪಿಲ್ಲದ ಲೆಕ್ಕ ನಿನ್ನದು, ಜೂನಿನಲ್ಲಿ ಅಲ್ಲಿಗೆ ಹೋಗಿ ಪರೀಕ್ಷೆ ಬರೆದು ಮೊದಲನೆಯವಳಾದದ್ದೂ ನೀನೇ. ಅರಿಶಿನವಿಲ್ಲದ ಕಾರ್ಡಿನಲ್ಲಿ. ಈಗ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರಿಗೆ ನೀನೇ ಕಲಿಸುತ್ತಿದ್ದೀಯ ಎಂದು ನಿನ್ನದೇ ಕಾಗದದ ಎರಡನೇ ಪುಟದಲ್ಲಿದೆ. ಆ ಸಾಲಿನಲ್ಲಿ ನಿನ್ನ ಅಕ್ಷರ ಎಷ್ಟು ನೆಟ್ಟಗಿದೆ ನೋಡು, ಕೊನೆಯ ನಾಲ್ಕು ಸಾಲು ಎಷ್ಟು ಸೊಟ್ಟಗಿದೆ ನೋಡು. ನಿನಗೆ ಇಪ್ಪತ್ತೆಂಟು ವರ್ಷ. ಇಲ್ಲಿಗೆ ಬಂದು ಏನು ಮಾಡುತ್ತೀಯ? ನನ್ನ ಜೊತೆ ಬೆಳಿಗ್ಗೆ ಗಂಗೆ, ಸಂಜೆ ಪುರಾಣ. ನಾನು ಸತ್ತ ಮೇಲೆ ನಂಜಮ್ಮನ ಪಕ್ಕದ ಕೋಣೆಯಲ್ಲಿ ಇನ್ನೊಬ್ಬಳು ನಂಜಮ್ಮ. ಅವಳಾದರೂ ಅರವತ್ತಕ್ಕೆ ಕಾಶಿಗೆ ಬಂದವಳು.

ನನ್ನ ಬಗ್ಗೆ ಯೋಚಿಸಬೇಡ. ಭಾನುವಾರ ಈಗಲೂ ನಾಲ್ಕು ಜನ ಊಟಕ್ಕೆ ಬರುತ್ತಾರೆ, ಮನೆ ಗಲಗಲ ಎನ್ನುತ್ತದೆ. ಮಂಡಿ ನೋವು ವಾಸಿಯಾಗಿದೆ. ಶುಕ್ರವಾರ ಕಾರ್ತೀಕ ಹುಣ್ಣಿಮೆ, ಬತ್ತಿ ಹೊಸೆಯುವುದಕ್ಕೇ ಹೊತ್ತು ಸಾಲುತ್ತಿಲ್ಲ. ಒಂಟಿ ಎನ್ನಿಸುವುದಕ್ಕೆ ಪುರಸೊತ್ತೇ ಇಲ್ಲ. ರಾಜೀನಾಮೆಯ ಕಾಗದ ಬರೆದಿಟ್ಟಿದ್ದರೆ ಹರಿದುಹಾಕು. ಹೊತ್ತಿಗೆ ಸರಿಯಾಗಿ ಉಣ್ಣು. ಬೇಸಿಗೆ ರಜೆಯಲ್ಲಿ ಬಾ, ಹದಿನೈದು ದಿನ ಇದ್ದು ಹೋಗು, ಅದಕ್ಕಿಂತ ಹೆಚ್ಚು ಇದ್ದರೆ ನಾನೇ ಓಡಿಸುತ್ತೇನೆ.

ನಿನ್ನ ಒಳ್ಳೆಯದನ್ನು ಬಿಟ್ಟು ಬೇರೇನನ್ನೂ ದೇವರಲ್ಲಿ ಕೇಳದ
ನಿನ್ನ ಅತ್ತೆ
ಅಂಬುಜಾಕ್ಷಿ

ತಾ. ಕ. (೨೩-೧೧, ಬುಧವಾರ): ಈ ಕಾಗದವನ್ನು ಡಬ್ಬಿಗೆ ಹಾಕದೆ ಎರಡು ದಿನ ಪಂಚಾಂಗದೊಳಗೆ ಇಟ್ಟುಕೊಂಡಿದ್ದೆ. ಓದಿ ನೋಡಿದರೆ ಎಲ್ಲ ಒಪ್ಪಿಕೊಂಡವಳ ಹಾಗೆ ಬರೆದು ದೊಡ್ಡ ಸುಳ್ಳುಗಳನ್ನು ಹಾಗೇ ಬಿಟ್ಟಿದ್ದೇನೆ. ಭಾನುವಾರ ನಾಲ್ಕು ಜನ ಬರುವುದಿಲ್ಲ. ಹುಡುಗರು ಓದು ಮುಗಿಸಿ ಅವರವರ ಊರಿಗೆ ಹೋದರು, ಚಿದಾನಂದನೊಬ್ಬ ಬರುತ್ತಾನೆ. ಮಂಡಿಯೂ ವಾಸಿಯಾಗಿಲ್ಲ. ಇನ್ನು ಸಂಕಲ್ಪದ ವಿಷಯ. ನಿನಗೆ ಆರ್ಡರ್ ಬಂದಾಗ ಮಾಡಬೇಕೆಂದು ಕೇದಾರೇಶ್ವರನ ಗುಡಿಗೆ ಹೋದದ್ದು ನಿಜ, ಅಂಗೈಯಲ್ಲಿ ನೀರು ಹಿಡಿದದ್ದೂ ನಿಜ. ಗಡಿ ದಾಟುವುದಿಲ್ಲ ಎಂಬ ಮಾತನ್ನು ಪುರೋಹಿತರು ಹೇಳಿಸುವ ಹೊತ್ತಿಗೆ, ದೂರದ ಊರಿನಲ್ಲಿ ಈ ಹುಡುಗಿಗೆ ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುವವರು ಯಾರು ಎಂದು ನೆನಪಾಯಿತು. ನಾಲಿಗೆ ಏಳಲಿಲ್ಲ. ನೀರು ಬೆರಳ ಸಂದಿಯಲ್ಲಿ ಸೋರಿ ಹೋಯಿತು. ಪುರೋಹಿತರು ಗಮನಿಸದೆ ಪ್ರಸಾದ ಕೊಟ್ಟರು, ನಾನು ತೆಗೆದುಕೊಂಡು ಬಂದೆ. ನಿನ್ನ ಆರ್ಡರಿನಲ್ಲಿ ಹಾಸ್ಟೆಲಿನ ಒಂದೇ ಮಂಚದ ಮಾತಿತ್ತು. ಮಡಿ ಮೈಲಿಗೆಯ ಮುದುಕಿಯೊಬ್ಬಳು ಕೊರಳಿಗೆ ಬಿದ್ದರೆ ನಿನ್ನ ಹೊಸ ಬದುಕು ಮೊದಲ ದಿನವೇ ಹಳತಾಗುತ್ತದೆ ಎಂದು ಹೆದರಿ, ಮಾಡದ ಸಂಕಲ್ಪವನ್ನು ಮಾಡಿದೆ ಎಂದೆ.

ನಿನ್ನೆ ಮತ್ತೆ ಹರಿಶ್ಚಂದ್ರ ಘಾಟಿಗೆ ಹೋಗಿದ್ದೆ. ರಘುವನ್ನು ಇಲ್ಲಿ ಬಿಟ್ಟು ಹೇಗೆ ಹೊರಡುವುದು ಎಂದು ಬಹಳ ಹೊತ್ತು ಕೂತೆ, ಬಹಳ ಅತ್ತೆ. ಎದ್ದು ನೇರವಾಗಿ ಚಿದಾನಂದನ ಮನೆಗೆ ಹೋಗಿ, ರಾಜೀನಾಮೆ ಬೇಡ, ಹೊರಟು ಬರುತ್ತಿದ್ದೇನೆ ಎಂದು ಅವನ ಕೈಯಲ್ಲೇ ನಿನಗೆ ತಂತಿ ಕೊಡಿಸಿದೆ. ಅವನಿಗೆ ಬೊಂಬಾಯಿಯಲ್ಲಿ ಡಾಕ್ಟರುಗಳ ಸಭೆಯಿದೆ, ನನ್ನನ್ನು ಪುಣೆಗೆ ಮುಟ್ಟಿಸಿ ಹೋಗುತ್ತಾನೆ. ಒಲೆ ಹಚ್ಚಲು ಜಾಗವಿರುವ ಒಂದು ಕೋಣೆ ನೋಡಿಡು. ಡಿಸೆಂಬರ್ ಆರು, ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ರೈಲು ಬರುತ್ತದೆ. ನನ್ನನ್ನು ಕರೆದೊಯ್ಯಲು ರಜೆ ಹಾಕಬೇಡ. ಕೆಲಸ ಮುಗಿಸಿಕೊಂಡು ಸಾವಕಾಶವಾಗಿ ಬಾ. ನಾನು ಸ್ಟೇಷನ್ನಿನಲ್ಲಿ ಹೆಂಗಸರ ಕೋಣೆಯಲ್ಲಿ ಕೂತಿರುತ್ತೇನೆ.